ಹೊಸ ಕೈಗೆ ಕಾರು ವಿಮೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನಗೆ 34 ವರ್ಷ. ಡಿಎಲ್ ಕೈಗೆ ಬಂದು ಎರಡು ತಿಂಗಳಾಯಿತಷ್ಟೆ. 1200 ಸಿಸಿಯ ಪೆಟ್ರೋಲ್ ಕಾರು ಬುಕ್ ಮಾಡಿದ್ದೇನೆ. ಷೋರೂಂನವರು ಕೊಟ್ಟ ವಿಮೆಯ ಲೆಕ್ಕ ನೋಡಿ ಗಾಬರಿಯಾಯಿತು. ಹೊಸ ಚಾಲಕ ಅಂತ ಜಾಸ್ತಿ ಹಾಕಿದ್ದಾರಾ? ಅಪ್ಪನ ಹೆಸರಿನಲ್ಲಿ ಕಾರು ತಗೊಂಡರೆ ಕಡಿಮೆಯಾಗುತ್ತದೆಯೇ?

ಉತ್ತರ: ಅಪ್ಪನನ್ನು ಇದಕ್ಕೆ ಎಳೆಯಬೇಡಿ. ನಮ್ಮ ದೇಶದಲ್ಲಿ ಪಾಲಿಸಿ ಇರುವುದು ಕಾರಿಗೆ. ಮಾಲೀಕರ ಒಪ್ಪಿಗೆಯಿಂದ ಓಡಿಸುವ, ಡಿಎಲ್ ಇರುವ ಯಾರೇ ಆದರೂ ಅದರೊಳಗೆ ಬರುತ್ತಾರೆ. ಪ್ರೀಮಿಯಂ ಮುಖ್ಯವಾಗಿ ನಿಂತಿರುವುದು ಕಾರಿನ ಮಾದರಿ, ಸಿಸಿ, ಎಷ್ಟು ಹಳೆಯದು, ಎಲ್ಲಿ ನೋಂದಣಿಯಾಗಿದೆ, ಹಿಂದೆ ಕ್ಲೇಮ್ ಆಗಿದೆಯೇ ಎಂಬುದರ ಮೇಲೆ.

ಮೊದಲ ವರ್ಷದ ಬಿಲ್ ದೊಡ್ಡದಾಗಿ ಕಾಣಲು ಬೇರೆಯೇ ಕಾರಣವಿದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗಾದ ಹಾನಿ ತುಂಬಿಕೊಡುವ ಭಾಗವನ್ನು, ಒಂದೇ ಸಲ ಕಟ್ಟಬೇಕು. ಅದರ ದರ ಸರ್ಕಾರ ನಿಗದಿ ಮಾಡಿದ್ದು. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ 1000ದಿಂದ 1500 ಸಿಸಿ ಕಾರಿಗೆ ಮೂರು ವರ್ಷಕ್ಕೆ 10,640 ರೂ., ಅದರ ಮೇಲೆ ಶೇ 18 ಜಿಎಸ್‌ಟಿ. ಇಲ್ಲಿ ಯಾವ ಕಂಪನಿಯ ಹತ್ತಿರವೂ ಚೌಕಾಸಿ ನಡೆಯುವುದಿಲ್ಲ.

ಚೌಕಾಸಿಗೆ ಜಾಗ ಇರುವುದು ಓನ್ ಡ್ಯಾಮೇಜ್‌ನಲ್ಲಿ, ಅಂದರೆ ನಿಮ್ಮದೇ ಕಾರಿನ ಹಾನಿ ತುಂಬಿಕೊಡುವ ಭಾಗದಲ್ಲಿ. 2007ರಿಂದ ಈ ದರ ಕಂಪನಿಗಳ ಕೈಗೇ ಬಂದಿದೆ. ಹಾಗಾಗಿ ಒಂದೇ ಕಾರಿಗೆ ಇಬ್ಬರು ಹೇಳುವ ಮೊತ್ತದಲ್ಲಿ ಸಾವಿರಾರು ರೂಪಾಯಿ ವ್ಯತ್ಯಾಸ ಬರಬಹುದು. ಷೋರೂಂನ ಕೊಟೇಷನ್ ಬರಹದಲ್ಲಿ ಕೇಳಿ ಪಡೆಯಿರಿ. ಐಡಿವಿ (ವಿಮೆಗಾಗಿ ಕಾರಿಗೆ ಕಟ್ಟಿದ ಬೆಲೆ) ಎಷ್ಟು, ಯಾವ ಯಾವ ಆ್ಯಡ್-ಆನ್ (ಹೆಚ್ಚುವರಿ ಕವರ್) ಸೇರಿಸಿದ್ದಾರೆ, ವಾಲಂಟರಿ ಡಿಡಕ್ಟಿಬಲ್ (ಪ್ರತಿ ಕ್ಲೇಮ್‌ನಲ್ಲೂ ಕೈಯಿಂದ ಕೊಡುತ್ತೇನೆಂದು ನೀವೇ ಒಪ್ಪಿಕೊಂಡ ಮೊತ್ತ) ಇದೆಯೇ, ಓನ್ ಡ್ಯಾಮೇಜ್ ಮೇಲೆ ಎಷ್ಟು ಡಿಸ್ಕೌಂಟ್, ಈ ನಾಲ್ಕು ಸಾಲು ಗುರುತು ಹಾಕಿಕೊಳ್ಳಿ. ಅದೇ ಐಡಿವಿ, ಅದೇ ಆ್ಯಡ್-ಆನ್ ಇಟ್ಟು ಇನ್ನೂ ಮೂರು ಕಂಪನಿಗಳಲ್ಲಿ ಕೇಳಿ. ಒಬ್ಬರದು ಐಡಿವಿ 7 ಲಕ್ಷ, ಇನ್ನೊಬ್ಬರದು 6.2 ಲಕ್ಷ ಇದ್ದರೆ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ ಏನೂ ಪ್ರಯೋಜನವಿಲ್ಲ.

ವಿಮೆ ನಮ್ಮಲ್ಲೇ ಮಾಡಿಸಬೇಕೆಂದು ಷೋರೂಂನವರು ಒತ್ತಾಯ ಮಾಡುವಂತಿಲ್ಲ. ಹೊರಗೆ ಮಾಡಿಸುವುದಾದರೆ ಪ್ರೊಫಾರ್ಮಾ ಇನ್‌ವಾಯ್ಸ್, ಎಂಜಿನ್ ನಂಬರ್, ಛಾಸಿ ನಂಬರ್ ಕೇಳಿ ಪಡೆದು ಕಂಪನಿಗೆ ಕೊಡಿ. ನೋಂದಣಿಗೆ ಮೊದಲೇ ಪಾಲಿಸಿ ಕೈಯಲ್ಲಿರಬೇಕು. ದುಡ್ಡು ಕಟ್ಟುವ ಮುನ್ನ ನಿಮ್ಮ ಹತ್ತಿರದ ಸರ್ವಿಸ್ ಸೆಂಟರ್ ಆ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ. ಇಲ್ಲವಾದರೆ ಕ್ಲೇಮ್ ಬಂದಾಗ ಪೂರ್ತಿ ಬಿಲ್ ನೀವೇ ಕಟ್ಟಿ, ಆಮೇಲೆ ವಾಪಸ್ಸಿಗೆ ಅಲೆಯಬೇಕಾದೀತು.

ಕೊಟೇಷನ್‌ನಲ್ಲಿ ಇನ್ನೊಂದು ಸಾಲು ಇರುತ್ತದೆ: ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಅಷ್ಟೇ ಮೊತ್ತದ ಅಪಘಾತ ಪಾಲಿಸಿ ನಿಮ್ಮ ಹೆಸರಿನಲ್ಲಿ ಈಗಾಗಲೇ ಇದ್ದರೆ, ಅದನ್ನು ಬರೆದುಕೊಟ್ಟು ಈ ಸಾಲು ತೆಗೆಸಬಹುದು. ಜೀವ ವಿಮೆಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ.

ಪ್ರಶ್ನೆ: ಪ್ರೀಮಿಯಂ ಇಳಿಸಲು ಏಜೆಂಟರು ಮೂರು ದಾರಿ ಹೇಳಿದರು: ಐಡಿವಿ ಕಡಿಮೆ ಮಾಡಿ, ಝೀರೋ ಡೆಪ್ (ಸವಕಳಿ ಕಡಿತ ಮನ್ನಾ ಮಾಡುವ ಆ್ಯಡ್-ಆನ್) ಬಿಡಿ, 15,000 ರೂ. ವಾಲಂಟರಿ ಡಿಡಕ್ಟಿಬಲ್ ಹಾಕಿ. ಯಾವುದು ಸರಿ?

ಉತ್ತರ: ಹೊಸದಾಗಿ ಸ್ಟಿಯರಿಂಗ್ ಹಿಡಿದವರಿಗೆ ಮೂರೂ ಸರಿಯಲ್ಲ.

ಐಡಿವಿ ಅಂದರೆ ಕಾರು ಕಳವಾದರೆ ಅಥವಾ ಪೂರ್ತಿ ಜಜ್ಜಿಹೋದರೆ ನಿಮಗೆ ಸಿಗುವ ಗರಿಷ್ಠ ಮೊತ್ತ. ಹೊಸ ಕಾರಿಗೆ ತಯಾರಕರ ಮಾರಾಟ ಬೆಲೆಯಲ್ಲಿ ಶೇ 5 ಕಳೆದು ಲೆಕ್ಕ ಹಾಕುತ್ತಾರೆ. ಇದನ್ನು ಇಳಿಸಿದರೆ ಇಳಿಯುವುದು ಓನ್ ಡ್ಯಾಮೇಜ್ ಭಾಗ ಮಾತ್ರ, ಥರ್ಡ್ ಪಾರ್ಟಿ ಅಲುಗುವುದಿಲ್ಲ. ಇನ್ನೊಂದು ತೊಡಕೂ ಇದೆ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಕಾರನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತಾರೆ. ಐಡಿವಿ ಕೆಳಗಿದ್ದಷ್ಟೂ ಆ ಗೆರೆ ಬೇಗ ಬರುತ್ತದೆ. ಸಾಲದ ಮೇಲೆ ಕಾರು ತಗೊಂಡವರು ಆಗ ಕಾರೂ ಇಲ್ಲದೆ, ಸಾಲವೂ ತೀರದೆ ಉಳಿಯುತ್ತಾರೆ.

ಝೀರೋ ಡೆಪ್ ಮೊದಲ ಮೂರು ವರ್ಷವಾದರೂ ಇರಲಿ. ಹೊಸ ಕೈ ತಾಗಿಸುವುದು ಬಂಪರ್, ಸೈಡ್ ಮಿರರ್, ಹೆಡ್‌ಲ್ಯಾಂಪ್‌ಗೆ. ಇವೆಲ್ಲ ಹೆಚ್ಚಾಗಿ ಪ್ಲಾಸ್ಟಿಕ್. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50 ಸವಕಳಿ ಕತ್ತರಿಸುತ್ತಾರೆ, ಕಾರು ನಿನ್ನೆಯಷ್ಟೇ ಮನೆಗೆ ಬಂದಿದ್ದರೂ ಅಷ್ಟೇ. ಲೋಹದ ಭಾಗಕ್ಕಾದರೆ ಮೊದಲ ಆರು ತಿಂಗಳು ಕತ್ತರಿ ಇಲ್ಲ, ಗಾಜಿಗೆ ಯಾವಾಗಲೂ ಇಲ್ಲ. ಝೀರೋ ಡೆಪ್ ಈ ಸವಕಳಿಯನ್ನು ಮನ್ನಾ ಮಾಡುತ್ತದೆ. ಆದರೆ ಕೆಲವು ಕಂಪನಿಗಳು ವರ್ಷಕ್ಕೆ ಎರಡೇ ಕ್ಲೇಮ್ ಎಂದು ಮಿತಿ ಹಾಕುತ್ತವೆ, ಪಾಲಿಸಿಯಲ್ಲಿ ಆ ಸಾಲು ಹುಡುಕಿ ಓದಿ.

ಇನ್ನು 15,000 ರೂ. ಡಿಡಕ್ಟಿಬಲ್. ಹಳೆಯ ಟ್ಯಾರಿಫ್, ಅಂದರೆ ನಿಗದಿತ ದರಪಟ್ಟಿಯ ಪ್ರಕಾರ ಇದಕ್ಕೆ ಓನ್ ಡ್ಯಾಮೇಜ್ ಮೇಲೆ ಶೇ 35 ರಿಯಾಯಿತಿ, ಆದರೆ 2,500 ರೂ. ಮೀರುವಂತಿಲ್ಲ. ವರ್ಷಕ್ಕೆ ಎರಡೂವರೆ ಸಾವಿರ ಉಳಿಸಲು ಪ್ರತಿ ಕ್ಲೇಮ್‌ನಲ್ಲೂ 15,000 ಕೈಯಿಂದ ಕೊಡುವ ವ್ಯವಹಾರ ಇದು. ಶೇ 35 ಎಂಬ ಅಂಕಿ ಕಣ್ಣು ಕುಕ್ಕುತ್ತದೆ, ಅದರ ಕೆಳಗಿನ ಮಿತಿಯನ್ನು ಯಾರೂ ಓದಿ ಹೇಳುವುದಿಲ್ಲ.

ನಿಜವಾಗಿ ಕೈಬಿಡಬಹುದಾದದ್ದು ಕೀ ಕಳೆದರೆ ಕೊಡುವ ಕವರ್, ಸಾಮಾನು ಕಳವಿನ ಕವರ್‌ನಂಥ ಸಣ್ಣಪುಟ್ಟ ಆ್ಯಡ್-ಆನ್‌ಗಳು. ಕಾರು ವಾರಕ್ಕೊಂದು ದಿನ ಮಾತ್ರ ಆಚೆ ಬರುವುದಾದರೆ, ಓಡಿಸಿದ ಕಿಲೋಮೀಟರ್ ಲೆಕ್ಕದ ಪಾಲಿಸಿ ವಿಚಾರಿಸಿ. 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಇದಕ್ಕೆ ಅವಕಾಶ ಕೊಟ್ಟಿದೆ. ನಮೂದಿಸಿದ ಕಿಲೋಮೀಟರ್ ಮುಗಿಯುವ ಮುಂಚೆ ಟಾಪ್-ಅಪ್ ಮಾಡಿಸಿಕೊಳ್ಳಬೇಕು, ಅಷ್ಟೇ.

ಪ್ರಶ್ನೆ: ಮೊದಲ ವರ್ಷದಲ್ಲೇ ಕಂಬಕ್ಕೆ ತಾಗಿ ಹಿಂದಿನ ಬಂಪರ್ ಸೀಳಿದೆ. ಗ್ಯಾರೇಜಿನವರು 7,000 ರೂ. ಅಂದಾಜು ಕೊಟ್ಟಿದ್ದಾರೆ. ಕ್ಲೇಮ್ ಮಾಡಲೇ?

ಉತ್ತರ: ಬಂಪರ್ 5,000, ಪೇಂಟಿಂಗ್ 2,000 ಎಂದಿಟ್ಟುಕೊಳ್ಳೋಣ. ಝೀರೋ ಡೆಪ್ ಇಲ್ಲದಿದ್ದರೆ ಬಂಪರ್‌ನಲ್ಲಿ ಅರ್ಧ, 2,500 ಹೋಯಿತು. ಪೇಂಟಿಂಗ್ ಬಿಲ್‌ನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, 250 ಹೋಯಿತು. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಡಿಡಕ್ಟಿಬಲ್ 1,000. ಕೈಗೆ ಬರುವುದು 3,250.

ಈಗ ಕಳೆದುಕೊಳ್ಳುವುದನ್ನು ನೋಡಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಎನ್‌ಸಿಬಿ (ನೋ ಕ್ಲೇಮ್ ಬೋನಸ್), ಶೇ 20, 25, 35, 45, 50 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿದು ಮತ್ತೆ ಮೊದಲಿಂದ ಹತ್ತಬೇಕು. ಮುಂದಿನ ರಿನ್ಯೂವಲ್‌ನಲ್ಲಿ ಶೇ 20 ಹೋಗುತ್ತದೆ. ಅದರ ನಂತರ 25ರ ಬದಲು 20, 35ರ ಬದಲು 25, 45ರ ಬದಲು 35, 50ರ ಬದಲು 45. ವ್ಯತ್ಯಾಸಗಳನ್ನೆಲ್ಲ ಕೂಡಿದರೆ ಒಂದು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂನ ಶೇ 50. ಅದು 12,000 ಇದ್ದರೆ, ಐದು ವರ್ಷದಲ್ಲಿ ಸುಮಾರು 6,000 ರೂ. ಕೈಬಿಟ್ಟಂತೆ. ಐಡಿವಿ ಇಳಿಯುತ್ತಾ ಹೋಗುವುದರಿಂದ ಸ್ವಲ್ಪ ಕಡಿಮೆಯೇ ಆಗಬಹುದು, ಆದರೂ 3,250ಕ್ಕೆ ಆಸೆಪಡುವ ಲೆಕ್ಕವಲ್ಲ. ಝೀರೋ ಡೆಪ್ ಇದ್ದರೆ 6,000 ಬರುತ್ತದೆ, ಅಲ್ಲಿಗೆ ಹೆಚ್ಚುಕಡಿಮೆ ಸಮಸಮ. ಶೇ 50ರ ಮೆಟ್ಟಿಲಲ್ಲಿ ನಿಂತವರಿಗೆ ಒಂದು ಕ್ಲೇಮ್‌ನ ನಿಜ ಬೆಲೆ ಇದೇ ರೀತಿ ಲೆಕ್ಕ ಹಾಕಿದರೆ ಒಂದೂಕಾಲು ವರ್ಷದ ಪ್ರೀಮಿಯಂ!

ಈ ಬಂಪರ್ ಕೈಯಿಂದಲೇ ಹಾಕಿಸಿ. ಕ್ಲೇಮ್ ಮಾಡುವುದೇ ಆದರೆ ಫೋಟೊ ತೆಗೆದು ಕಂಪನಿಗೆ ತಿಳಿಸುವ ಮುಂಚೆ ಗಾಡಿಯನ್ನು ಬಿಚ್ಚಲು ಬಿಡಬೇಡಿ. ಸರ್ವೆಯರ್ ನೋಡದ ಹಾನಿಗೆ ದುಡ್ಡು ಬರುವುದು ಕಷ್ಟ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೇನೆ. "ಇನ್ಶೂರೆನ್ಸ್ ಇನ್ನೂ ಏಳು ತಿಂಗಳಿದೆ, ಎನ್‌ಸಿಬಿ ಶೇ 50 ಇದೆ, ಎಲ್ಲಾ ನಿಮಗೇ" ಎನ್ನುತ್ತಾರೆ ಮಾರುವವರು. ಜೊತೆಗೆ, ಹತ್ತು ವರ್ಷದಿಂದ ನನ್ನ ಸ್ಕೂಟರ್‌ಗೆ ಒಂದೂ ಕ್ಲೇಮ್ ಇಲ್ಲ. ಆ ಎನ್‌ಸಿಬಿ ಕಾರಿಗೆ ಬರುತ್ತದೆಯೇ?

ಉತ್ತರ: ಎರಡೂ ಬರುವುದಿಲ್ಲ. ಎನ್‌ಸಿಬಿ ಕಾರಿನದಲ್ಲ, ಮನುಷ್ಯನದು. ಮಾರಿದವರು ಅದನ್ನು ತಮ್ಮ ಮುಂದಿನ ಕಾರಿಗೆ ಒಯ್ಯುತ್ತಾರೆ, ಪಾಲಿಸಿ ನಿಮ್ಮ ಹೆಸರಿಗೆ ಆಗುವಾಗ ಉಳಿದ ಅವಧಿಯ ವ್ಯತ್ಯಾಸ ನೀವು ಕಟ್ಟಬೇಕು. ಬೆಲೆ ಮಾತಾಡುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಸ್ಕೂಟರ್‌ನ ಎನ್‌ಸಿಬಿ ದ್ವಿಚಕ್ರ ವಾಹನಕ್ಕಷ್ಟೇ ಸಲ್ಲುತ್ತದೆ. ಇಲ್ಲದ ಎನ್‌ಸಿಬಿಯನ್ನು ಫಾರ್ಮಿನಲ್ಲಿ ಇದೆ ಎಂದು ತುಂಬಿದರೆ ಸಿಕ್ಕಿಬೀಳುವುದು ಕ್ಲೇಮ್ ಸಮಯದಲ್ಲಿ.

ಇದಕ್ಕಿಂತ ದೊಡ್ಡ ಅಪಾಯ ಹೆಸರು ಬದಲಾವಣೆಯದು. ಮಾರಾಟವಾದ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ಭಾಗ ಕಾನೂನಿನ ಪ್ರಕಾರ ತಾನಾಗಿ ನಿಮಗೆ ಬಂದಂತೆಯೇ. ಓನ್ ಡ್ಯಾಮೇಜ್ ಹಾಗಲ್ಲ. ಆರ್‌ಸಿ ನಿಮ್ಮ ಹೆಸರಿಗಾಗಿ, ಪಾಲಿಸಿ ಹಳೆಯವರ ಹೆಸರಲ್ಲೇ ಇರುವಾಗ ಕಾರು ಗುದ್ದಿದರೆ, ಇಬ್ಬರಿಗೂ ದುಡ್ಡಿಲ್ಲ.

ಪ್ರಶ್ನೆ: ಎಲ್‌ಎಲ್‌ಆರ್ ಇರುವಾಗ ಸ್ವಂತ ಕಾರಿನಲ್ಲಿ ಕಲಿಯಬಹುದೇ? ವಿಮೆ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ, ಷರತ್ತು ಪಾಲಿಸಿದರೆ. ಡಿಎಲ್ ಇರುವವರು ಪಕ್ಕದಲ್ಲಿ, ಗಾಡಿಯನ್ನು ನಿಲ್ಲಿಸಬಲ್ಲ ಹಾಗೆ ಕೂತಿರಬೇಕು. ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಬೋರ್ಡ್, 18 ಸೆಂ.ಮೀ. ಚೌಕದ್ದು. ಒಬ್ಬರೇ ಹೋಗಿ ಗುದ್ದಿಸಿದರೆ ನಿಮ್ಮ ಕಾರಿನ ಕ್ಲೇಮ್ ತಿರಸ್ಕಾರವಾಗುತ್ತದೆ. ಗಾಯಗೊಂಡವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟರೂ ಆ ಹಣವನ್ನು ನಿಮ್ಮಿಂದ ವಸೂಲಿ ಮಾಡಲು ನ್ಯಾಯಾಲಯ ಅವಕಾಶ ಕೊಡಬಹುದು.