ತೋಟದಲ್ಲಿ ಅಡಿಕೆ, ಪುಸ್ತಕದಲ್ಲಿ ಗದ್ದೆ: ಕಾಸರಗೋಡಿನಿಂದ ಒಂದು ಉತ್ತರ

ಕಿಸಾನ್ ಸಮ್ಮಾನ್ ಹಣ ಪುತ್ತೂರಿನ ರೈತನಿಗೂ ಬದಿಯಡ್ಕದ ರೈತನಿಗೂ ವರ್ಷಕ್ಕೆ ಆರು ಸಾವಿರವೇ ತಾನೇ, ಹಾಗಿರುವಾಗ ನೀವು ಕಾಸರಗೋಡಿನವರು ಮಾತ್ರ ಯಾಕೆ ಇಷ್ಟು ಅಲೆಯುತ್ತೀರಿ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಕುಳಿತು ನೋಡಿದರೆ ಈ ಪ್ರಶ್ನೆ ಸಹಜ. ಇಲ್ಲಿನ ಕಾಗದಪತ್ರದ ಲೋಕ ಹೇಗಿದೆಯೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಮ್ಮಲ್ಲಿ ರೈತನ ಕೈಯಲ್ಲಿ ಪಹಣಿ ಇರುತ್ತದೆ, ಫ್ರೂಟ್ಸ್ ತಂತ್ರಾಂಶದ ಗುರುತಿನ ಸಂಖ್ಯೆ ಇರುತ್ತದೆ, ರೈತ ಸಂಪರ್ಕ ಕೇಂದ್ರ ಇದೆ. ಗಡಿ ದಾಟಿ ತಲಪಾಡಿಯಿಂದ ಈಚೆ ಬಂದರೆ ಈ ಯಾವುದೂ ಇಲ್ಲ. ಇಲ್ಲಿರುವುದು ವಿಲೇಜ್ ಆಫೀಸು, ವರ್ಷವರ್ಷವೂ ಕಟ್ಟುವ ತೀರ್ವೆಯ (ಭೂಕಂದಾಯದ) ರಶೀದಿ, ಅದರಲ್ಲಿ ಬರೆದಿರುವ ತಂಡಪ್ಪೇರ್ ನಂಬರ್ ಎಂಬ ಖಾತೆ ಸಂಖ್ಯೆ, ಪ್ರತಿ ಪಂಚಾಯತಿಗೊಂದು ಕೃಷಿ ಭವನ, ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರ. ತೀರ್ವೆ ರಶೀದಿ ಇಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಸಮ್ಮಾನ್ ನಿಧಿಗೂ ಜಮೀನಿನ ದಾಖಲೆ ಕೇರಳದ ಕಂದಾಯ ತಂತ್ರಾಂಶದೊಂದಿಗೆ ತಾಳೆಯಾಗಬೇಕು. ಅಲ್ಲಿ ಹೆಸರನ್ನು ಮಲಯಾಳದಲ್ಲಿ ಒಂದು ರೀತಿ ಬರೆದಿರುತ್ತಾರೆ, ಆಧಾರ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ರೀತಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೂರನೆಯ ರೀತಿ. ಶಂಕರನಾರಾಯಣ ಭಟ್ಟ ಎಂಬವರು ಮತ್ತೊಂದು ಕಡೆ ಎಸ್. ಎನ್. ಭಟ್ ಆಗಿಬಿಟ್ಟರೆ ಎರಡು ಸಾವಿರದ ಕಂತು ಅಲ್ಲಿಗೇ ನಿಂತಿತು.

ಆದರೆ ಹೆಸರಿನ ತೊಡಕನ್ನು ಹೇಗೋ ಬಿಡಿಸಿಕೊಳ್ಳಬಹುದು. ನಮ್ಮ ಊರಿನವರ ನಿದ್ದೆಗೆಡಿಸುವುದು ಜಮೀನಿನ ತರಗತಿ, ಅಂದರೆ ದಾಖಲೆಯಲ್ಲಿ ಅದು ಗದ್ದೆಯೋ ತೋಟವೋ ಎಂಬುದು. ನಿಮ್ಮ ಕಡೆಯವರಿಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ.

ಕೇರಳದಲ್ಲಿ ಭತ್ತದ ಗದ್ದೆ ಮತ್ತು ಜೌಗು ಪ್ರದೇಶಗಳನ್ನು ಉಳಿಸುವುದಕ್ಕೆಂದೇ ಒಂದು ಕಾಯ್ದೆ ಇದೆ. 2008ರ ಆಗಸ್ಟ್ 12ರಿಂದ ಜಾರಿಯಲ್ಲಿದೆ. ಆ ದಿನಕ್ಕೆ ಭತ್ತ ಬೆಳೆಯಲು ಯೋಗ್ಯವಾಗಿದ್ದ ಜಾಗವನ್ನೆಲ್ಲ ಸರ್ವೆ ನಂಬರ್ ಸಹಿತ ಡೇಟಾ ಬ್ಯಾಂಕ್ ಎಂಬ ಪಟ್ಟಿಗೆ ಸೇರಿಸಬೇಕು. ಪಟ್ಟಿಯಲ್ಲಿರುವ ಗದ್ದೆಗೆ ಮಣ್ಣು ತುಂಬಿಸುವಂತಿಲ್ಲ. ತುಂಬಿಸಿದರೆ ಕನಿಷ್ಠ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಸೆರೆವಾಸ, 50,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ. ಜಿಲ್ಲಾಧಿಕಾರಿ ಮಣ್ಣು ತೆಗೆಸಿ ಮೊದಲಿನ ಹಾಗೆ ಮಾಡಿಸಲೂಬಹುದು. ಪಟ್ಟಿ ತಯಾರಿಸಿದ್ದು ಊರಿನ ಸಮಿತಿಯೇ: ಪಂಚಾಯತಿ ಅಧ್ಯಕ್ಷರು, ಕೃಷಿ ಅಧಿಕಾರಿ, ವಿಲೇಜ್ ಆಫೀಸರ್, ರೈತರ ಪ್ರತಿನಿಧಿಗಳು.

ಈ ಕಾನೂನಿನ ಪರವಾಗಿಯೇ ನಾನಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಯಲಿನ ಗದ್ದೆಯಲ್ಲಿ ಮಳೆಗಾಲವಿಡೀ ನೀರು ನಿಂತರೆ ಗುಡ್ಡದ ಬುಡದ ಕೆರೆ, ಬಾವಿಗಳಿಗೆ ಫೆಬ್ರವರಿ, ಮಾರ್ಚಿನವರೆಗೂ ಒರತೆ ಇರುತ್ತದೆ. ಇದನ್ನು ಇಲ್ಲಿನ ಯಾವ ಹಿರಿಯರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಏತಡ್ಕದಂಥ ಊರುಗಳಲ್ಲಿ ಮಳೆ ನಿಂತ ಮೇಲೆ ಊರವರೇ ಕೂಡಿ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಹಾಕುತ್ತಾರೆ. ಒಂದರ ಕೆಳಗೆ ಒಂದರಂತೆ ಕಟ್ಟಗಳ ಸಾಲೇ ಇರುತ್ತದೆ. ಅದಕ್ಕೆ ಯಾವ ಕಾಯ್ದೆಯೂ ಬೇಕಾಗಲಿಲ್ಲ. ಗದ್ದೆ ಉಳಿಸಿಕೊಂಡ ಮಾಲೀಕರಿಗೆ ಸರ್ಕಾರ ಈಗ ರಾಯಲ್ಟಿ ಕೊಡುತ್ತದೆ. ಹೆಕ್ಟೇರಿಗೆ 2000 ರೂಪಾಯಿಯಿಂದ ಶುರುವಾಗಿ 3000ಕ್ಕೆ ಏರಿತು. ಎಕರೆಗೆ ಲೆಕ್ಕ ಹಾಕಿದರೆ 1200ರ ಆಸುಪಾಸು. ನಾಟಿಯ ಕೂಲಿಯ ಮುಂದೆ ಅದು ಏನೂ ಅಲ್ಲ. ಆದರೂ ಗದ್ದೆ ನೀರಿಂಗಿಸುತ್ತದೆ ಎಂಬುದಕ್ಕೆ ಸರ್ಕಾರವೇ ಬೆಲೆ ಕಟ್ಟಿತಲ್ಲ, ಅದು ನನಗೆ ಮುಖ್ಯ.

ತೊಂದರೆ ಎಲ್ಲಿ ಎಂದರೆ, ನಮ್ಮ ಬಯಲುಗಳು ಆಲಪ್ಪುಳದ ಕುಟ್ಟನಾಡಿನ ಹಾಗೆ ಕಣ್ಣು ಹಾಯುವಷ್ಟು ದೂರ ಹಬ್ಬಿದವಲ್ಲ. ಎರಡು ಗುಡ್ಡಗಳ ನಡುವೆ ಹಗ್ಗದಂತೆ ಹರಿದಿರುವ ಸಪೂರ ಪಟ್ಟಿಗಳು. ಮೇಲೆ ಬೆಟ್ಟು, ನಡುವೆ ಮಜಲು, ತಗ್ಗಿನಲ್ಲಿ ಬಯಲು. ಇಲ್ಲಿ ಎಷ್ಟೋ ಕುಟುಂಬಗಳು ಎರಡು ಮೂರು ತಲೆಮಾರುಗಳ ಹಿಂದೆಯೇ ಮಜಲು ಗದ್ದೆಗಳಲ್ಲಿ ಅಡಿಕೆ ಸಸಿ ಇಟ್ಟಿದ್ದವು. ಆ ತೋಟಗಳಲ್ಲಿ ಈಗ ಮೊಮ್ಮಕ್ಕಳು ಅಡಿಕೆ ಕೊಯ್ಯುತ್ತಿದ್ದಾರೆ. ವಿಲೇಜ್ ಆಫೀಸಿನ ಮೂಲ ತೀರ್ವೆ ಪುಸ್ತಕದಲ್ಲಿ ಮಾತ್ರ ಅದು ಇವತ್ತಿಗೂ ‘ನಿಲಂ’, ಅಂದರೆ ಗದ್ದೆ. ಪುಸ್ತಕದಲ್ಲಿ ಗದ್ದೆ ಎಂದಿದ್ದ ತೋಟಗಳಲ್ಲಿ ಹಲವು ಡೇಟಾ ಬ್ಯಾಂಕಿಗೂ ಸೇರಿಹೋದವು. ತೋಟದ ಮೂಲೆಯಲ್ಲಿ ಮಗಳಿಗೊಂದು ಮನೆ ಕಟ್ಟಬೇಕೆಂದು ಪಂಚಾಯತಿಗೆ ಅರ್ಜಿ ಹಾಕಿದಾಗಲೇ ಎಷ್ಟೋ ಜನರಿಗೆ ಇದು ಗೊತ್ತಾಗುವುದು.

ಸರಿಪಡಿಸಲು ದಾರಿ ಇಲ್ಲವೆಂದಲ್ಲ. ಮೊದಲು ಫಾರ್ಮ್ 5 ಹಾಕಿ ಡೇಟಾ ಬ್ಯಾಂಕಿನಿಂದ ಹೊರಗೆ ಬರಬೇಕು. ಕೃಷಿ ಅಧಿಕಾರಿ ಸ್ಥಳ ನೋಡಿ ವರದಿ ಕೊಡುತ್ತಾರೆ. ಸಂದೇಹವಿದ್ದರೆ ತಿರುವನಂತಪುರದ ದೂರಸಂವೇದಿ ಕೇಂದ್ರದಿಂದ 2008ರ ಹೊತ್ತಿನ ಉಪಗ್ರಹ ಚಿತ್ರ ತರಿಸುತ್ತಾರೆ, ಅದರ ಶುಲ್ಕ ನಮ್ಮದೇ. ಅಲ್ಲಿಗೆ ಕೆಲಸ ಮುಗಿಯಿತೆಂದು ಬಹಳ ಜನ ಮನೆಗೆ ಹೋಗಿ ಕುಳಿತುಬಿಡುತ್ತಾರೆ, ಆದರೆ ಮುಗಿದಿರುವುದಿಲ್ಲ. ಪಟ್ಟಿಯಿಂದ ಹೊರಬಂದರೂ ತೀರ್ವೆ ಪುಸ್ತಕದಲ್ಲಿ ಅದು ಗದ್ದೆಯೇ. ಅದನ್ನು ಬದಲಿಸಲು ಮತ್ತೊಂದು ಅರ್ಜಿ: 50 ಸೆಂಟ್ಸ್‌ವರೆಗೆ ಫಾರ್ಮ್ 6, ಅದಕ್ಕಿಂತ ಹೆಚ್ಚಿದ್ದರೆ ಫಾರ್ಮ್ 7. ಹೆಚ್ಚಿನ ಜಾಗವಾದರೆ ಅದರ ಹತ್ತನೇ ಒಂದು ಭಾಗವನ್ನು ನೀರು ಉಳಿಸಲು ಬಿಟ್ಟುಕೊಡಬೇಕು. 25 ಸೆಂಟ್ಸ್‌ವರೆಗಿನ ಸಣ್ಣ ಜಾಗಕ್ಕೆ ಶುಲ್ಕದ ವಿನಾಯಿತಿ ಇದೆ. ಅದನ್ನು ಮೀರಿದವರು, ಒಂದು ಎಕರೆವರೆಗಾದರೆ, ಜಮೀನಿಗೆ ಸರ್ಕಾರ ಗೊತ್ತುಮಾಡಿದ ನ್ಯಾಯಬೆಲೆಯ ಶೇಕಡಾ 10ರ ಲೆಕ್ಕದಲ್ಲಿ ಕಟ್ಟಬೇಕು, ಅದಕ್ಕಿಂತ ದೊಡ್ಡ ಜಾಗಕ್ಕೆ ಇನ್ನೂ ಹೆಚ್ಚು.

1967ರ ಜುಲೈ 4ಕ್ಕಿಂತ ಮೊದಲೇ ಗದ್ದೆಯ ಸ್ವರೂಪ ಬದಲಾಗಿತ್ತೆಂದು ತೋರಿಸಿಕೊಟ್ಟರೆ ಈ ಶುಲ್ಕದ ಭಾರವೇ ಇಲ್ಲ, ಅದಕ್ಕೆ ಬೇರೆಯೇ ಅರ್ಜಿ ಇದೆ. ನಮ್ಮ ಹಳೆಯ ತೋಟಗಳಿಗೆ ಹೇಳಿ ಮಾಡಿಸಿದ ನಿಯಮ. ತೋರಿಸುವುದು ಹೇಗೆ? ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಪಾಲುಪಟ್ಟಿ ಇದೆ, ಮೂಲಗೇಣಿ ಚೀಟು ಇದೆ. ಅದರಲ್ಲಿ ಚಕ್ಬಂದಿ (ನಾಲ್ಕು ದಿಕ್ಕಿನ ಗಡಿ) ಇದೆ, ಫಲ ಕೊಡುವ ಅಡಿಕೆ ಮರ ಇಷ್ಟು, ಸಸಿ ಇಷ್ಟು, ಹಲಸು ಇಷ್ಟು ಎಂದು ಒಂದೊಂದಾಗಿ ಎಣಿಸಿ ಬರೆದಿದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಕೇ? ಆದರೆ ಅದೆಲ್ಲ ಇರುವುದು ಕನ್ನಡದಲ್ಲಿ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯದ್ದಾಗಿತ್ತು. ದಸ್ತಾವೇಜು ಬರೆಯುವವರೂ ನೋಂದಾಯಿಸುವವರೂ ಕನ್ನಡದಲ್ಲಿ ಬರೆದರು, ಅದೂ ಮೋಡಿ ಲಿಪಿಗೆ ಹತ್ತಿರವಾದ ಕೂಡಕ್ಷರದಲ್ಲಿ, ಸಾಲಿಗೂ ಸಾಲಿಗೂ ಎಡೆಯಿಲ್ಲದ ಹಾಗೆ. ತೆಂಕಣದ ಜಿಲ್ಲೆಯಿಂದ ವರ್ಗವಾಗಿ ಬಂದ ಅಧಿಕಾರಿ ಆ ಹಳದಿ ಕಾಗದವನ್ನು ತಿರುಗಿಸಿ ನೋಡಿ, ಮಲಯಾಳಕ್ಕೆ ಭಾಷಾಂತರ ಮಾಡಿಸಿ ತನ್ನಿ ಎನ್ನುತ್ತಾರೆ. ಅವರದ್ದು ತಪ್ಪಲ್ಲ, ಅವರಿಗೆ ಓದಲು ಬರುವುದಿಲ್ಲ. ನಮ್ಮ ಮಕ್ಕಳಲ್ಲೂ ಆ ಅಕ್ಷರ ಓದಬಲ್ಲವರು ಕಡಿಮೆ. ಹೀಗೆ ಹಕ್ಕು ಇದ್ದೂ, ಸಾಕ್ಷಿ ಇದ್ದೂ, ಗೋಜೇ ಬೇಡವೆಂದು ಶುಲ್ಕ ಕಟ್ಟಿ ಕೈತೊಳೆದುಕೊಂಡವರನ್ನು ನಾನು ಬಲ್ಲೆ.

ಪರಿಸರದ ನಿಯಮ ಎಂದರೆ ಇಲ್ಲಿನವರಿಗೆ ಉಡಾಫೆ ಎಂದು ಮಾತ್ರ ತಿಳಿಯಬೇಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಇದೇ ಜಿಲ್ಲೆಯಲ್ಲಿ, ಎರಡು ದಶಕಕ್ಕೂ ಹೆಚ್ಚು ಕಾಲ. ಎಣ್ಮಕಜೆಯ ಪಡ್ರೆ, ಸ್ವರ್ಗದಂಥ ಊರುಗಳಲ್ಲಿ ಆ ನೋವು ಇನ್ನೂ ಹಾಸಿಗೆ ಹಿಡಿದು ಮಲಗಿದೆ. ದೇಶಕ್ಕೆಲ್ಲ ಅನ್ವಯಿಸುವಂತೆ ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರ ಮೇ ತಿಂಗಳಿನಲ್ಲಿ. ನಿಯಮ ಇಲ್ಲದಿದ್ದರೆ, ಇದ್ದೂ ನೋಡಿಕೊಳ್ಳುವವರಿಲ್ಲದಿದ್ದರೆ ಏನಾಗುತ್ತದೆಂದು ನಮಗಿಂತ ಚೆನ್ನಾಗಿ ತಿಳಿದವರು ಯಾರಿದ್ದಾರೆ?

ಸಹಾಯಧನದ ವಿಷಯ ಚುಟುಕಾಗಿ ಹೇಳುತ್ತೇನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಮೈಲುತುತ್ತಿಗೆ ಪಂಚಾಯತಿಯಿಂದ ನೆರವು ಸಿಗುವುದುಂಟು. ಅರ್ಜಿ, ತೀರ್ವೆ ರಶೀದಿ, ಅಂಗಡಿಯ ಬಿಲ್ಲು ಕೊಡಬೇಕು. ಮೊದಲ ಸಿಂಪರಣೆ ಮಳೆ ಹಿಡಿಯುವ ಮೊದಲೇ ಆಗಬೇಕು, ಎರಡನೆಯದು ಸುಮಾರು 40 ದಿನ ಬಿಟ್ಟು. ಹಣ ಕೈಸೇರುವ ಹೊತ್ತಿಗೆ ಸಾಮಾನ್ಯವಾಗಿ ಎರಡೂ ಮುಗಿದಿರುತ್ತವೆ. ಮೊದಲು ಕೈಯಿಂದ ಹಾಕಲು ದುಡ್ಡಿದ್ದವನಿಗೆ ಮಾತ್ರ ಇದು ಯೋಜನೆ.

ಭಾಷೆಯ ಹಕ್ಕು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿದೆ. ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಲೋಕಸೇವಾ ಆಯೋಗ ಈ ಜಿಲ್ಲೆಯಲ್ಲಿ ಗುಮಾಸ್ತರ ಹುದ್ದೆಗಳನ್ನು ಕರೆಯುತ್ತದೆ. ಅಂಥ ಒಬ್ಬರು ಕುಳಿತಿರುವ ಕಚೇರಿಗೆ ಹೋದರೆ ಅರ್ಧ ದಿನದಲ್ಲಿ ಆಗುವ ಕೆಲಸ, ಇಲ್ಲದ ಕಚೇರಿಯಲ್ಲಿ ತಿಂಗಳು ಹಿಡಿಯುತ್ತದೆ. ಹಳೆಯ ದಸ್ತಾವೇಜು ಓದಬಲ್ಲವರನ್ನು ತಾಲೂಕು ಕಚೇರಿಯಲ್ಲಿ ಒಬ್ಬರನ್ನಾದರೂ ನೇಮಿಸಿ, ಅವರು ಓದಿ ದೃಢೀಕರಿಸಿದ್ದನ್ನು ಕೃಷಿ ಭವನವೂ ವಿಲೇಜ್ ಆಫೀಸೂ ಒಪ್ಪುವಂತೆ ಮಾಡಬೇಕು. ಇದಕ್ಕೆ ಹೊಸ ಕಾನೂನೇನೂ ಬೇಡ, ಒಂದು ಆದೇಶ ಸಾಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳಿಂದಲೇ ಅದನ್ನು ಆರಂಭಿಸಬಹುದು.

ನಿಮ್ಮ ಪರಿಚಯದವರು ಯಾರಾದರೂ ಈ ಕಡೆ ತೋಟ ಕೊಳ್ಳುವ ಅಂದಾಜಿನಲ್ಲಿದ್ದರೆ, ಫಸಲು ನೋಡುವ ಮೊದಲು ಸರ್ವೆ ನಂಬರ್ ಹಿಡಿದುಕೊಂಡು ಕೃಷಿ ಭವನಕ್ಕೆ ಹೋಗಿ ಡೇಟಾ ಬ್ಯಾಂಕ್ ನೋಡಲು ಹೇಳಿ. ಅಲ್ಲಿಂದ ವಿಲೇಜ್ ಆಫೀಸಿಗೆ ಹೋಗಿ ತೀರ್ವೆ ಪುಸ್ತಕದಲ್ಲಿ ತರಗತಿ ಏನೆಂದು ಕೇಳಲಿ. ಮಾರುವವರ ಮನೆಯಲ್ಲಿ ಕನ್ನಡದ ಹಳೆಯ ಕಾಗದವಿದ್ದರೆ, ಒಂದು ಹಾಳೆಯನ್ನೂ ಬಿಡದೆ ಕೇಳಿ ಪಡೆದುಕೊಳ್ಳಲಿ.