ಚನ್ನಗಿರಿಯ ತಮ್ಮನಿಗೆ: ವೀಸಾ ಮುಗಿದ ಮೇಲೆ ಏನಾಗುತ್ತದೆ ಅಂದರೆ

ತಮ್ಮಾ, ಲಂಡನ್ನಿನಲ್ಲಿ ಬಾಡಿಗೆ ಎಷ್ಟು, ಚಳಿ ತಡೆಯೋಕಾಗುತ್ತಾ ಅಂತ ಕೇಳಿದ್ದೀಯ. ಕೊನೆಗೆ ಸುಮ್ನೆ ಕೇಳಿದ ಹಾಗೆ ಇನ್ನೊಂದು: "ಅಕ್ಕ, ವೀಸಾ ಮುಗಿದ ಮೇಲೂ ಸ್ವಲ್ಪ ದಿನ ಇದ್ದರೆ ಯಾರೂ ಕೇಳಲ್ಲ, ಡೆಲಿವರಿ ಮಾಡ್ಕೊಂಡು ಇರಬಹುದು ಅಂತ ದಾವಣಗೆರೆಯ ಏಜೆಂಟ್ ಹೇಳ್ತಾನೆ. ನಿಜಾನಾ? ಹಿಡಿದರೆ ಜೈಲಾ?"

ಬಾಡಿಗೆ ಜಾಸ್ತಿ. ಚಳಿಗೆ ಕೋಟು ಇಲ್ಲೇ ತಗೊ. ಮೂರನೆಯದಕ್ಕೆ ಮಾತ್ರ ಉದ್ದ ಬರೆಯುತ್ತೇನೆ. ಅಪ್ಪ ಅಡಿಕೆ ತೋಟದ ಮೇಲೆ ಸಾಲ ಎತ್ತುತ್ತಿದ್ದಾರೆ ಅಂದೆಯಲ್ಲ, ಅದಕ್ಕೆ.

ಕೇಳುತ್ತಾರೆ. ನೀನು ಕೋರ್ಸ್ ಬಿಟ್ಟರೆ ಯೂನಿವರ್ಸಿಟಿಯವರೇ ಹೋಮ್ ಆಫೀಸಿಗೆ, ಅಂದರೆ ವೀಸಾ ನೋಡಿಕೊಳ್ಳುವ ಇಲ್ಲಿಯ ಗೃಹ ಇಲಾಖೆಗೆ, ತಿಳಿಸಬೇಕು, ಅದು ನಿಯಮ. ವೀಸಾ ಈಗ ಕಾರ್ಡಿನಲ್ಲಿಲ್ಲ, ಆನ್‌ಲೈನಿನಲ್ಲಿದೆ. ಕೆಲಸ ಕೊಡುವವರೂ ಮನೆ ಕೊಡುವವರೂ ನೀನು ಕೊಡುವ ಒಂದು ಕೋಡ್ ಹಾಕಿ ನೋಡಿಬಿಡುತ್ತಾರೆ. ಹಕ್ಕಿಲ್ಲದವರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕನಿಗೆ ತಲೆಗೆ 45,000 ಪೌಂಡ್‌ವರೆಗೂ ದಂಡ ಬೀಳುತ್ತದೆ, ಎರಡನೇ ಸಲ ಸಿಕ್ಕರೆ 60,000. ಯಾರು ಇಟ್ಟುಕೊಳ್ಳುತ್ತಾರೆ ಹೇಳು. ಆಗ ಉಳಿಯುವುದು ಬೇರೆಯವರ ಡೆಲಿವರಿ ಅಕೌಂಟನ್ನು ವಾರಕ್ಕಿಷ್ಟು ಅಂತ ಬಾಡಿಗೆಗೆ ಹಿಡಿಯುವುದು. ನಿನ್ನ ಏಜೆಂಟ್ ಹೇಳಿದ್ದು ಇದನ್ನೇ. ಸ್ಟೂಡೆಂಟ್ ವೀಸಾದಲ್ಲಿ ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಆದರೆ ಸ್ವಂತ ಉದ್ಯೋಗ ಮಾಡುವಂತಿಲ್ಲ. ಆ್ಯಪ್ ಡೆಲಿವರಿ ಆ ಲೆಕ್ಕಕ್ಕೇ ಬರುತ್ತದೆ. ವೀಸಾ ಚಾಲ್ತಿಯಲ್ಲಿದ್ದಾಗಲೂ ತಪ್ಪೇ.

ಹಿಡಿದರೆ ಡಿಟೆನ್ಷನ್ ಸೆಂಟರ್, ಇಲ್ಲಿರಲು ಹಕ್ಕಿಲ್ಲದವರನ್ನು ಕೂಡಿಹಾಕುವ ಜಾಗ. ಜೈಲಲ್ಲ ಅನ್ನುತ್ತಾರೆ, ಶಿಕ್ಷೆ ಅಂತೂ ಅಲ್ಲ. ಬೀಗ ಮಾತ್ರ ಹೊರಗಿನಿಂದ. ಜೈಲಿಗೆ ಹೋದವನಿಗೆ ಬಿಡುಗಡೆಯ ದಿನ ಗೊತ್ತಿರುತ್ತದೆ. ಇಲ್ಲಿ ಇಷ್ಟೇ ದಿನ ಅಂತ ಕಾನೂನಿನಲ್ಲಿ ಮಿತಿಯೇ ಇಲ್ಲ. ಕೋರ್ಟಿನ ಆದೇಶವೂ ಬೇಡ, ಹೋಮ್ ಆಫೀಸ್ ಅಧಿಕಾರಿಯ ಸಹಿ ಸಾಕು.

ಹೀಥ್ರೂ ವಿಮಾನ ನಿಲ್ದಾಣದ ಪಕ್ಕದಲ್ಲೇ ಹಾರ್ಮಂಡ್ಸ್‌ವರ್ತ್, ಕೋಲ್ನ್‌ಬ್ರೂಕ್ ಅಂತ ಎರಡು ಸೆಂಟರ್ ಇವೆ. ನಾನು ಅಲ್ಲಿ ಒಳಗಿದ್ದವರ ಭೇಟಿಗೆ ಹೋಗುತ್ತಿರುತ್ತೇನೆ. ಚಳ್ಳಕೆರೆ ಕಡೆಯ ಹುಡುಗನೊಬ್ಬ ಇದ್ದ. ಸ್ಮಾರ್ಟ್‌ಫೋನ್ ಒಳಗೆ ಬಿಡಲ್ಲ, ಕ್ಯಾಮೆರಾ ಇಲ್ಲದ ಕೀಪ್ಯಾಡ್ ಫೋನ್ ಕೊಡುತ್ತಾರೆ. ಅವನಿಗೆ ಅಮ್ಮನ ನಂಬರೇ ಬಾಯಿಗೆ ಬರುತ್ತಿರಲಿಲ್ಲ. ಮೇಜಿನ ಮೇಲೆ ಬೆರಳಿನಿಂದ ಬರೆದು ಬರೆದು ನೋಡುತ್ತಿದ್ದ, ಕೊನೆಯ ಎರಡು ಅಂಕಿ ಪ್ರತಿ ಸಲ ಬದಲಾಗುತ್ತಿದ್ದವು. ಮನೆಯವರು ಅವನು ಡಬಲ್ ಶಿಫ್ಟ್‌ನಲ್ಲಿದ್ದಾನೆ ಅಂದುಕೊಂಡಿದ್ದರು. ಒಳಗೆ ಸಣ್ಣಪುಟ್ಟ ಕೆಲಸ ಮಾಡಿದರೆ ಗಂಟೆಗೆ ಒಂದು ಪೌಂಡ್ ಕೊಡುತ್ತಾರೆ. ಅದನ್ನೂ ಕೂಡಿಡುತ್ತಿದ್ದ, ಸಾಲದ ಬಡ್ಡಿಗೆ ಅಂತ.

ಅವನಿಗೆ ಬೇಲ್ ಕೇಳುವ ಹಕ್ಕಿತ್ತು. ದುಡ್ಡಿಗಿಂತ ಮುಂಚೆ ಅದಕ್ಕೆ ಬೇಕಾದದ್ದು ಒಂದು ವಿಳಾಸ, ಹೊರಗೆ ಬಂದ ಮೇಲೆ ಇಂಥ ಮನೆಯಲ್ಲಿರುತ್ತೇನೆ ಅನ್ನೋದು. ಒಟ್ಟಿಗೆ ಅಡುಗೆ ಮಾಡಿಕೊಂಡು ಉಂಡ ರೂಮ್‌ಮೇಟ್‌ಗಳು ಫೋನ್ ಎತ್ತಲಿಲ್ಲ. ಅವರ ಹೆದರಿಕೆಯೂ ಅರ್ಥವಾಗುತ್ತದೆ ಬಿಡು, ತಮ್ಮ ವೀಸಾಕ್ಕೆ ಎಲ್ಲಿ ಕುತ್ತು ಬರುತ್ತೋ ಅಂತ. ಆದರೆ "ತಪ್ಪು ಮಾಡಿದ್ದಾನೆ, ಅನುಭವಿಸಲಿ" ಅಂದ, ಇಲ್ಲೇ ಸೆಟಲ್ ಆದ ನಮ್ಮವರ ಮಾತು ನನಗೆ ಅರ್ಥವಾಗಲಿಲ್ಲ. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ಮುಂದೆ ಫೋಟೊಕ್ಕೆ ನಿಲ್ಲುವವರೇ ಇವರು. ಕೊನೆಗೆ ವಿಳಾಸ ಕೊಟ್ಟವರು ಸೌತಾಲ್‌ನ ಒಬ್ಬ ಪಂಜಾಬಿ ಅಜ್ಜ.

ಯಾರಾದರೂ ಸಿಕ್ಕಿಬಿದ್ದರೆ ಅಂತ ಇಷ್ಟು ನೆನಪಿಟ್ಟುಕೊ. ಒಳಗೆ ವಕೀಲರ ಜೊತೆ ಮೊದಲ 30 ನಿಮಿಷ ಪುಕ್ಕಟೆ, ಹೆಸರು ಬರೆಸಬೇಕು ಅಷ್ಟೇ. ಬೇಲ್ ಫಾರ್ ಇಮಿಗ್ರೇಷನ್ ಡಿಟೇನೀಸ್ ಅನ್ನೋ ಸಂಸ್ಥೆ ಬೇಲ್ ಅರ್ಜಿಗೆ ದುಡ್ಡಿಲ್ಲದೆ ನೆರವಾಗುತ್ತದೆ. ಡಿಟೆನ್ಷನ್ ಆ್ಯಕ್ಷನ್‌ನವರು ಒಳಗಿದ್ದವರ ಜೊತೆ ಮಾತಾಡಿ ಧೈರ್ಯ ಹೇಳುತ್ತಾರೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬಾರದು, ದುಭಾಷಿ ಬೇಕು ಅಂತ ಕೇಳಬೇಕು. ಸಲಹೆಗೆ ದುಡ್ಡು ಕೇಳುವವನು ಒಂದೋ ವಕೀಲನಾಗಿರಬೇಕು, ಇಲ್ಲ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ ಅನ್ನೋ ಸರ್ಕಾರಿ ಸಂಸ್ಥೆಯಲ್ಲಿ ನೋಂದಣಿ ಆಗಿರಬೇಕು. ಅಂಗಡಿ ಹಿಂದೆ ಕೂತು ಫಾರ್ಮ್ ತುಂಬುವವರನ್ನು ನಂಬಬೇಡ.

ವಾಪಸ್ ಹೋಗುವುದರಲ್ಲೂ ವ್ಯತ್ಯಾಸ ಇದೆ. ಅವಧಿ ಮೀರಿ ಉಳಿದವನು ತಾನೇ ಟಿಕೆಟ್ ತಗೊಂಡು ಹೊರಟರೆ ಸಾಮಾನ್ಯವಾಗಿ ಒಂದು ವರ್ಷ ಮತ್ತೆ ವೀಸಾ ಸಿಗಲ್ಲ. ಹೋಮ್ ಆಫೀಸಿನವರೇ ವಿಮಾನ ಹತ್ತಿಸಿದರೆ ಹತ್ತು ವರ್ಷ. ಸುಳ್ಳು ದಾಖಲೆ ಕೊಟ್ಟಿದ್ದರೂ ಹತ್ತೇ. ಏಜೆಂಟ್ ನಿನ್ನ ಹೆಸರಲ್ಲಿ ಬ್ಯಾಂಕ್ ಕಾಗದ "ಅಡ್ಜಸ್ಟ್" ಮಾಡುತ್ತೇನೆ ಅಂದರೆ ಇದನ್ನು ಅವನಿಗೆ ಹೇಳು.

ಓದು ಮುಗಿಸಿದವರಿಗೆ ಇಲ್ಲೇ ಇದ್ದು ಕೆಲಸ ಮಾಡಲು ಗ್ರಾಜುಯೇಟ್ ವೀಸಾ ಇದೆ, ಹಳೆಯ ವೀಸಾ ಮುಗಿಯುವ ಮುಂಚೆ ಅರ್ಜಿ ಹಾಕಿದರೆ ಯಾರ ಅಕೌಂಟೂ ಬಾಡಿಗೆಗೆ ಬೇಡ. ಬಾ, ಬರಬೇಡ ಅನ್ನಲ್ಲ. ಮನೆಯವರ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡು. ಆಫರ್ ಲೆಟರ್ ಬಂದ ದಿನ ನನಗೂ ಕಳಿಸು. ನಾನು ನೋಡಿ ಹೇಳುವವರೆಗೆ ಏಜೆಂಟನಿಗೆ ಮುಂದಿನ ಕಂತು ಕಟ್ಟಬೇಡ ಅಂತ ಅಪ್ಪನಿಗೂ ಹೇಳು.