ಸೋಫಾ ಬಂದದ್ದು ಆಡಂಬರಕ್ಕಾ, ಆರಾಮಕ್ಕಾ?

ಪ್ರಶ್ನೆ: ರಾಜಾಜಿನಗರದ ಹಳೇ ಮನೆ ರಿಪೇರಿ ಮಾಡಿಸುತ್ತಿದ್ದೇವೆ. ಹಾಲ್‌ಗೆ ಸೋಫಾ ಬೇಕೇ ಬೇಕು ಅಂತ ಮಗಳ ಹಟ. "ಅದೆಲ್ಲ ರಾಜರ ಆಡಂಬರ, ನಮ್ಮಂಥವರ ಆರಾಮಕ್ಕಲ್ಲ" ಅನ್ನುತ್ತಾರೆ ನಮ್ಮ ಮಾವನವರು. ಯಾರ ಮಾತು ಸರಿ ಮೇಡಂ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮಾವನವರ ಮಾತಿನಲ್ಲೂ ನಿಜ ಇದೆ ಅಮ್ಮ. ಆದರೆ ಸೋಫಾಗೆ ಜನ ಒಲಿದದ್ದು ಆ ಆಡಂಬರ ಸಾಕಾಗಿಯೇ.

ಫ್ರಾನ್ಸಿನ 14ನೇ ಲೂಯಿ 1682ರಲ್ಲಿ ತನ್ನ ಆಸ್ಥಾನವನ್ನು ವರ್ಸೇಲ್ಸ್ ಅರಮನೆಗೆ ಸಾಗಿಸಿದ. ಅಲ್ಲಿ ಕೂರುವುದಕ್ಕೂ ಪದವಿ ಬೇಕು. ರಾಜನೆದುರು ಡಚೆಸ್‌ಗಳಿಗೆ, ಅಂದರೆ ಡ್ಯೂಕ್‌ಗಳ ಹೆಂಡತಿಯರಿಗೆ, ಸಿಗುತ್ತಿದ್ದದ್ದು ಬೆನ್ನು ಒರಗಿಸಲೂ ಆಗದ ಒಂದು ಸ್ಟೂಲು. ಅದೇ ದೊಡ್ಡ ಗೌರವ! ಹೆಚ್ಚಿನವರು ನಿಂತೇ ಇರಬೇಕು. ಸುಮಾರು ಅದೇ ಕಾಲಕ್ಕೆ ಪ್ಯಾರಿಸ್‌ನಲ್ಲಿ ಮೆತ್ತೆಯ ಸೋಫಾ ಬಂತು. ಇಬ್ಬರು ಪಕ್ಕಪಕ್ಕ ಕೂತು ಹರಟಬಹುದು, ಕಾಲು ಮೇಲೆ ಹಾಕಿಕೊಳ್ಳಬಹುದು. ಮುಂದೆ 15ನೇ ಲೂಯಿ ವರ್ಸೇಲ್ಸ್‌ನಲ್ಲೇ ತನಗಾಗಿ ಚಿಕ್ಕ ಚಿಕ್ಕ ಖಾಸಗಿ ಕೋಣೆ ಮಾಡಿಸಿಕೊಂಡ. ಅಷ್ಟು ದೊಡ್ಡ ಅರಮನೆ ಇದ್ದವನಿಗೂ ಬೇಕಾದದ್ದು ಯಾರೂ ನೋಡದ ಸಣ್ಣ ಕೋಣೆ. ನನಗೆ ತುಂಬಾ ಹಿಡಿಸಿದ ಸಂಗತಿ ಇದು.

ನಮ್ಮ ಕಡೆಯವರ ಪಾಲೂ ಇದರಲ್ಲಿದೆ. ತಮಿಳುನಾಡು, ಆಂಧ್ರದ ಕೋರಮಂಡಲ ಕರಾವಳಿಯ ಬಣ್ಣದ ಹತ್ತಿ ಬಟ್ಟೆ ಹಗುರ, ಒಗೆದರೂ ಬಣ್ಣ ಬಿಡದು. ಉಣ್ಣೆ, ರೇಷ್ಮೆಗೆ ಒಗ್ಗಿದ್ದ ಯುರೋಪಿನವರು ಉಡುಪಿಗೂ, ಪೀಠೋಪಕರಣದ ಹೊದಿಕೆಗೂ ಅದೇ ಬೇಕೆಂದು ಮುಗಿಬಿದ್ದರು. ತನ್ನ ನೇಕಾರರನ್ನು ಉಳಿಸಿಕೊಳ್ಳಲು ಫ್ರಾನ್ಸ್ 1686ರಲ್ಲಿ ಆ ಬಟ್ಟೆಗೆ ನಿಷೇಧ ಹಾಕಿತು. 1759ರವರೆಗೂ ಅದು ಇತ್ತು. ಆದರೂ ಬಟ್ಟೆ ಕಳ್ಳದಾರಿಯಲ್ಲಿ ಬಂದು ಮನೆ ಸೇರುತ್ತಲೇ ಇತ್ತು. ಆ ನೇಕಾರರ, ಬಣ್ಣಗಾರರ ಕೈಚಳಕವನ್ನು ನಾವು ನೆನೆಯುವುದೇ ಕಡಿಮೆ, ಅಲ್ವಾ?

ಹಾಗಾಗಿ ಸೋಫಾ ತನ್ನಿ. ಆದರೆ ಈಗ ಅಂಗಡಿಗಳಲ್ಲಿ ಜಾಸ್ತಿ ಕಾಣುವ ತಗ್ಗಾದ, ಒಳಕ್ಕೆ ಎಳೆಯುವ ನಮೂನೆ ಬೇಡ. ಒಳಾಂಗಣದ ಕೆಲಸಕ್ಕೆ ಹೋದ ಎಷ್ಟೋ ಮನೆಗಳಲ್ಲಿ ಹಿರಿಯರು ಅದರಿಂದ ಏಳಲು ಪರದಾಡುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ಮಾವನವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಸ್ವಲ್ಪ ಹೊತ್ತು ಕೂರಿಸಿ. ಬೆನ್ನು ಒರಗಿಸಿದಾಗ ಅವರ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಊರಿಕೊಂಡು ಏಳಲು ಪಕ್ಕದಲ್ಲಿ ಗಟ್ಟಿ ಕೈಯಾಸರೆ ಇರಬೇಕು. ಕೂರುವ ಜಾಗದ ಎತ್ತರ 18 ಇಂಚಿನ ಆಸುಪಾಸು ಇದ್ದರೆ ಸಾಕು. ರೆಕ್ಸಿನ್ ಬೇಡವೇ ಬೇಡ, ಏಪ್ರಿಲ್ ಬಿಸಿಲಿಗೆ ಮೈಗೆ ಅಂಟುತ್ತದೆ. ಚಿಕ್ಕಪೇಟೆಯಿಂದ ದಪ್ಪ ಹತ್ತಿ ಬಟ್ಟೆ ತಂದು, ತೆಗೆದು ಒಗೆಯುವ ಹಾಗೆ ಜಿಪ್ ಇಟ್ಟು ಕವರ್ ಹೊಲಿಸಿ. ಹೊಲಿಯಲು ಕೊಡುವ ಮುಂಚೆ ಬಟ್ಟೆಯನ್ನು ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ, ಜಿಪ್ ಹಾಕಲು ಬರುವುದಿಲ್ಲ.